ಹಾಡುವ ಪೆಟ್ಟಿಗೆ ಕೆಟ್ಟು ಕೂತಾಗ



ಜೇಬಿನಲ್ಲಿಟ್ಟುಕೊಂಡು ಹಾಡು ಕೇಳುವ ಪುಟ್ಟ ಪ್ಲೇಯರ್ ಒಂದು ದಿನ ಸುಮ್ಮನಾಗಿಬಿಡುತ್ತದೆ. ಬಟನ್ ಒತ್ತಿದರೆ ದೀಪ ಹತ್ತುವುದಿಲ್ಲ. ಹತ್ತಿದರೂ ಒಂದೇ ಕಿವಿಗೆ ಹಾಡು ಕೇಳುತ್ತದೆ. ಇಲ್ಲವೇ ಅರ್ಧ ಗಂಟೆಯಲ್ಲಿ ಚಾರ್ಜ್ ಖಾಲಿಯಾಗುತ್ತದೆ. ಆಗ ನಾವು ನೇರವಾಗಿ ಅಂಗಡಿಗೆ ಹೋಗಿ, ಒಳ್ಳೆಯದೊಂದು ಕೊಡಿ ಅನ್ನುತ್ತೇವೆ. ಅಂಗಡಿಯವರು ಹೊಸ ಮಾದರಿ ತೆಗೆದು ಮುಂದಿಡುತ್ತಾರೆ. ಎಷ್ಟು ಹಾಡು ಹಿಡಿಯುತ್ತದೆ, ಪರದೆ ಎಷ್ಟು ದೊಡ್ಡದು ಎಂದೆಲ್ಲ ವಿವರಿಸುತ್ತಾರೆ. ಎಷ್ಟು ವರ್ಷ ಬಾಳುತ್ತದೆ ಎಂದು ನಾವೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಬಾಳಿಕೆಯ ಬಗ್ಗೆಯೇ. ಹೊಸದನ್ನು ಆರಿಸುವ ಮುಂಚೆ ಹಳೆಯದು ಯಾವ ಕಾರಣಕ್ಕೆ ಕೆಟ್ಟಿತು ಎಂದು ಪತ್ತೆಮಾಡಿಕೊಳ್ಳಬೇಕು. ಅದು ತಿಳಿದರೆ ಯಾವುದನ್ನು ಕೊಳ್ಳಬಾರದು ಎಂಬುದು ಆಗಲೇ ಗೊತ್ತಾಗಿರುತ್ತದೆ. ಎಷ್ಟೋ ಸಲ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಈಗಿನ ಚಿಕ್ಕ ಪ್ಲೇಯರ್‌ಗಳೊಳಗೆ ಟೇಪಿಲ್ಲ, ಮೋಟಾರಿಲ್ಲ, ತಿರುಗುವ ಯಾವ ಭಾಗವೂ ಇಲ್ಲ. ಹಾಡನ್ನು ಓದಿ ನುಡಿಸುವ ಚಿಪ್ ತಾನಾಗಿ ಕೆಡುವುದು ಅಪರೂಪ. ಕೆಡುವುದು ನಮ್ಮ ಕೈ ತಾಗುವ ಕಡೆ. ಇಯರ್‌ಫೋನ್ ಸಿಕ್ಕಿಸುವ ಜಾಕು, ಚಾರ್ಜರ್ ಸಿಕ್ಕಿಸುವ ಬಾಯಿ, ಒತ್ತುವ ಬಟನ್ನುಗಳು ಸವೆದು ಕೆಡುತ್ತವೆ. ಬ್ಯಾಟರಿ ವಯಸ್ಸಾಗಿ ಕೆಡುತ್ತದೆ. ಆದ್ದರಿಂದ ಒಂದೇ ಕಿವಿಗೆ ಹಾಡು ಬರುತ್ತಿದ್ದರೆ ಮೊದಲು ಬೇರೆ ಇಯರ್‌ಫೋನ್ ಹಾಕಿ ನೋಡಿ. ಬಹಳ ಸಲ ತಂತಿಯೇ ಪಿನ್ನಿನ ಬುಡದಲ್ಲಿ ಒಳಗೊಳಗೇ ತುಂಡಾಗಿರುತ್ತದೆ. ಹೊಸ ಇಯರ್‌ಫೋನ್ ಹಾಕಿದರೂ ಹಾಗೇ ಇದ್ದು, ಪಿನ್ನು ಅಲ್ಲಾಡಿಸಿದಾಗ ದನಿ ಬಂದು ಹೋಗುತ್ತಿದ್ದರೆ ಜಾಕಿನ ಬೆಸುಗೆ ಬಿಟ್ಟಿದೆ ಎಂದು ತಿಳಿಯಬಹುದು. ಮೊಬೈಲ್ ರಿಪೇರಿ ಮಾಡುವವರು ಅದನ್ನು ಮತ್ತೆ ಬೆಸೆದುಕೊಡುತ್ತಾರೆ. ಚಾರ್ಜ್ ಆಗುತ್ತಿಲ್ಲವಾದರೆ ಕೇಬಲ್ ಬದಲಿಸಿ ನೋಡಿ. ಚಾರ್ಜಿಂಗ್ ಬಾಯಲ್ಲಿ ಜೇಬಿನ ನೂಲು, ಧೂಳು ಗಟ್ಟಿಯಾಗಿ ಕೂತಿರುತ್ತದೆ. ಪ್ಲೇಯರ್ ಆರಿಸಿ, ಒಣ ಮರದ ಕಡ್ಡಿಯಿಂದ ಮೆಲ್ಲಗೆ ಕೆದರಿದರೆ ಸಾಕು. ಸೂಜಿ ಹಾಕಬೇಡಿ. ಪರದೆ ಹಾಗೇ ನಿಂತುಬಿಟ್ಟಿದ್ದರೆ ಪವರ್ ಬಟನ್ನನ್ನು ಇಪ್ಪತ್ತು ಸೆಕೆಂಡು ಒತ್ತಿ ಹಿಡಿಯಿರಿ. ಅದಕ್ಕೂ ಜಗ್ಗದಿದ್ದರೆ ಮೆಮೊರಿ ಕಾರ್ಡ್ ತೆಗೆದು ಶುರುಮಾಡಿ ನೋಡಿ. ಕಾರ್ಡಿನಲ್ಲಿ ಕೆಟ್ಟ ಫೈಲ್ ಒಂದಿದ್ದರೂ ಹಾಡಿನ ಪಟ್ಟಿ ತಯಾರಿಸುತ್ತ ಯಂತ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಏಳದಿದ್ದರೆ ಹೊಸದಕ್ಕೆ ಹೊರಡಬಹುದು. ಆದರೆ ಹೊರಡುವಾಗ ಹಳೆಯದರ ಜಾತಕ ಕೈಯಲ್ಲಿರಲಿ. ಜಾಕು ಹೋಗಿತ್ತೇ, ಬ್ಯಾಟರಿ ಹೋಗಿತ್ತೇ, ಬಟನ್ನು ಹೋಗಿತ್ತೇ ಎಂಬುದು ನೀವು ಪ್ಲೇಯರನ್ನು ಹೇಗೆ ಬಳಸುತ್ತೀರಿ ಎಂಬುದನ್ನೂ ಹೇಳುತ್ತದೆ. ತಂತಿ ಸುತ್ತಿ ಪ್ಯಾಂಟಿನ ಜೇಬಿಗೆ ತುರುಕುವವರಿಗೆ ಬ್ಲೂಟೂತ್ ಇರುವ ಪ್ಲೇಯರ್ ಒಳ್ಳೆಯದು. ಜಾಕಿನ ಮೇಲೆ ಭಾರ ಬೀಳುವುದಿಲ್ಲ. ರಾತ್ರಿಯಿಡೀ ಚಾರ್ಜಿಗೆ ಹಾಕಿಟ್ಟು ಮಲಗುವವರು, ಬೇಸಗೆಯಲ್ಲಿ ಕಾರಿನೊಳಗೆ ಬಿಟ್ಟು ಹೋಗುವವರು ಬ್ಯಾಟರಿ ಬದಲಿಸಲು ಬರುವಂಥದ್ದನ್ನೇ ಹುಡುಕಬೇಕು.

ಬ್ಯಾಟರಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 1979ರ ಜುಲೈ 1ರಂದು ಜಪಾನಿನಲ್ಲಿ ಸೋನಿ ಕಂಪನಿ ಮೊದಲ ವಾಕ್‌ಮನ್ ಮಾರಾಟಕ್ಕಿಟ್ಟಿತು. ಬೆಲೆ 33,000 ಯೆನ್. ಅದು ಓಡುತ್ತಿದ್ದುದು ನಮ್ಮ ಟಾರ್ಚಿಗೂ ಗಡಿಯಾರಕ್ಕೂ ಹಾಕುವ ಪೆನ್ಸಿಲ್ ಸೆಲ್ಲುಗಳಿಂದ. ಸೆಲ್ ಮುಗಿದರೆ ಯಾವ ಊರಿನ ಯಾವ ಕಿರಾಣಿ ಅಂಗಡಿಯಲ್ಲೂ ಹೊಸದು ಸಿಗುತ್ತಿತ್ತು. ಒಳಗಿನ ರಬ್ಬರ್ ಬೆಲ್ಟು ಸಡಿಲವಾದರೆ ಬೇರೆ ಹಾಕಬಹುದಿತ್ತು. ಆ ಕಾಲದ ವಾಕ್‌ಮನ್‌ಗಳಿಗೆ ಬೆಲ್ಟು ಬದಲಿಸಿ ಹಾಡಿಸುವವರು ಇವತ್ತಿಗೂ ಇದ್ದಾರೆ. 1978ರಲ್ಲಿ ಬಂದ ‘ನಿತ್ಯೋತ್ಸವ’ದ ಕ್ಯಾಸೆಟ್ಟಿನಿಂದ ಕನ್ನಡದ ಮನೆಗಳಿಗೆ ಭಾವಗೀತೆ ನುಗ್ಗಿ ಬಂತಲ್ಲ, ಆ ಕಾಲದ ಟೇಪ್ ರೆಕಾರ್ಡರ್‌ಗಳೂ ಇದೇ ರೀತಿ ಬಾಳಿದವು. ಹೆಡ್ಡಿಗೆ ಸ್ಪಿರಿಟ್ ಹಾಕಿ ಒರೆಸುವುದು, ಬೆಲ್ಟು ಬದಲಿಸುವುದು ಮನೆಯವರಿಗೇ ಗೊತ್ತಿದ್ದ ಕೆಲಸವಾಗಿತ್ತು.

2001ರ ಅಕ್ಟೋಬರ್ 23ರಂದು ಆ್ಯಪಲ್ ಕಂಪನಿ ಐಪಾಡನ್ನು ಪ್ರಕಟಿಸಿತು. ಸಾವಿರ ಹಾಡು ಹಿಡಿಯುವ 5 ಜಿಬಿ ಡಿಸ್ಕು, 399 ಡಾಲರ್ ಬೆಲೆ. ಅದ್ಭುತವಾದ ಯಂತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬ್ಯಾಟರಿ ಒಳಗೆ ಮುಚ್ಚಿಹೋಗಿತ್ತು. ಬಳಸುವವರು ತೆರೆಯಲು ಒಂದು ಸ್ಕ್ರೂ ಕೂಡ ಹೊರಗೆ ಕಾಣುತ್ತಿರಲಿಲ್ಲ. 2003ರಲ್ಲಿ ನ್ಯೂಯಾರ್ಕಿನ ನೈಸ್ಟಾಟ್ ಸಹೋದರರ ಐಪಾಡಿನ ಬ್ಯಾಟರಿ ಹದಿನೆಂಟು ತಿಂಗಳಿಗೆ ಸೋತಿತು. ಬದಲಿಸುವ ದಾರಿಯಿಲ್ಲವೆಂದು ಗೊತ್ತಾದಾಗ ಅವರು ಊರಿನಲ್ಲಿ ಅಂಟಿಸಿದ್ದ ಐಪಾಡ್ ಜಾಹೀರಾತುಗಳ ಮೇಲೆಲ್ಲ ಆ ಸಂಗತಿಯನ್ನು ಬಣ್ಣದಲ್ಲಿ ಅಚ್ಚೊತ್ತುತ್ತ ಹೋದರು. ಅದನ್ನೇ ಚಿಕ್ಕ ಚಿತ್ರವಾಗಿಯೂ ಮಾಡಿದರು. ಅದೇ ಹೊತ್ತಿನಲ್ಲಿ ಕಂಪನಿ ಹಣ ಪಡೆದು ಬ್ಯಾಟರಿ ಬದಲಿಸಿಕೊಡುವ ವ್ಯವಸ್ಥೆ ಪ್ರಕಟಿಸಿತು. ಬ್ಯಾಟರಿಯ ಬಗ್ಗೆ ಅಮೆರಿಕದಲ್ಲಿ ಹೂಡಿದ್ದ ದಾವೆ 2005ರಲ್ಲಿ ರಾಜಿಯಾಯಿತು. ಇದು ಯಾವುದೋ ಒಂದು ಕಂಪನಿಯ ಕಥೆಯೆಂದು ಬಿಡುವಂತಿಲ್ಲ. ಆಮೇಲೆ ಬಂದ ಬಹುಪಾಲು ಪ್ಲೇಯರ್‌ಗಳೂ ಫೋನುಗಳೂ ಅದೇ ದಾರಿ ಹಿಡಿದವು.

ಲಿಥಿಯಂ ಬ್ಯಾಟರಿಯ ಆಯಸ್ಸನ್ನು ಅಳೆಯುವುದು ಎಷ್ಟು ಸಲ ಪೂರ್ತಿ ತುಂಬಿ ಪೂರ್ತಿ ಖಾಲಿಯಾಯಿತು ಎಂಬ ಲೆಕ್ಕದಲ್ಲಿ. ಸಾಮಾನ್ಯವಾಗಿ 300ರಿಂದ 500 ಸುತ್ತು ಕಳೆದಾಗ ಅದರ ಶಕ್ತಿ ಮೊದಲಿನ ಶೇಕಡ 80ರಷ್ಟಕ್ಕೆ ಇಳಿಯುತ್ತದೆ, ಆಮೇಲೆ ಬೇಗಬೇಗ ಕುಸಿಯುತ್ತದೆ. ಈಗ ಲೆಕ್ಕ ಹಾಕಿ. ಒಮ್ಮೆ ಚಾರ್ಜ್ ಮಾಡಿದರೆ 10 ಗಂಟೆ ಹಾಡುವ ಪ್ಲೇಯರ್ 400 ಸುತ್ತಿನಲ್ಲಿ 4,000 ಗಂಟೆ ಹಾಡುತ್ತದೆ. ದಿನಕ್ಕೆ ಎರಡು ಗಂಟೆ ಕೇಳುವವರಿಗೆ ಅದು ಐದೂವರೆ ವರ್ಷ. 30 ಗಂಟೆ ಹಾಡುವ ಪ್ಲೇಯರ್ ಅದೇ 400 ಸುತ್ತಿನಲ್ಲಿ 12,000 ಗಂಟೆ ಹಾಡುತ್ತದೆ. ವಯಸ್ಸಿನಿಂದಲೂ ಬ್ಯಾಟರಿ ಕ್ಷೀಣಿಸುವುದರಿಂದ ಅಷ್ಟೂ ಸಿಗದೇ ಹೋಗಬಹುದು, ಆದರೂ ವ್ಯತ್ಯಾಸ ದೊಡ್ಡದು. ಪೆಟ್ಟಿಗೆಯ ಮೇಲೆ ಬರೆದಿರುವ ಗಂಟೆಗಳ ಸಂಖ್ಯೆಯನ್ನು ನಾವು ಪ್ರಯಾಣದ ಅನುಕೂಲವೆಂದಷ್ಟೇ ಓದುತ್ತೇವೆ. ಅದು ಯಂತ್ರದ ಆಯಸ್ಸಿನ ಅಂದಾಜೂ ಹೌದು. ಹೀಗಾಗಿ ದೊಡ್ಡ ಬಣ್ಣದ ಪರದೆ, ಆ್ಯಂಡ್ರಾಯ್ಡ್ ಎಲ್ಲ ಇರುವ ಪ್ಲೇಯರ್‌ಗಿಂತ, ಅಂಗೈಯಗಲದ ಸಾದಾ ಪ್ಲೇಯರ್ ಹಲವು ಸಲ ಹೆಚ್ಚು ಬಾಳುತ್ತದೆ. ಸೋನಿಯ ಎನ್‌ಡಬ್ಲ್ಯು-ಇ394 ಎಂಬ ಪುಟ್ಟ ವಾಕ್‌ಮನ್ ಒಮ್ಮೆ ಚಾರ್ಜ್ ಮಾಡಿದರೆ 35 ಗಂಟೆ ಹಾಡುತ್ತದೆಂದು ಕಂಪನಿ ಹೇಳುತ್ತದೆ. ಆದರೆ ಅದಕ್ಕೆ ಮೆಮೊರಿ ಕಾರ್ಡ್ ಹಾಕಲು ಜಾಗವಿಲ್ಲ, ಇರುವ 8 ಜಿಬಿಯಲ್ಲೇ ಸುಧಾರಿಸಬೇಕು. ಎಲ್ಲ ಗುಣವೂ ಒಂದೇ ಯಂತ್ರದಲ್ಲಿ ಸಿಗುವುದು ಕಷ್ಟ.

ನನ್ನ ಅಭಿಪ್ರಾಯದಲ್ಲಿ ನಂಬಿಕಸ್ತ ಪ್ಲೇಯರ್ ಎಂದರೆ ಸವೆಯುವ ಭಾಗಗಳನ್ನು ಬದಲಿಸಲು ಬರುವ ಪ್ಲೇಯರ್. ಚಪ್ಪಲಿಯ ಅಟ್ಟೆ ಸವೆದರೆ ಅಟ್ಟೆ ಹಾಕಿಸಿಕೊಳ್ಳುವ ಹಾಗೆ ಬ್ಯಾಟರಿಯನ್ನೂ ಹಾಕಿಸಿಕೊಳ್ಳಲು ಆಗಬೇಕು. ಈ ದೃಷ್ಟಿಯಿಂದ ನೋಡಿದರೆ ನಮ್ಮ ಸಂತೆ, ಬಸ್‌ಸ್ಟ್ಯಾಂಡುಗಳ ಅಂಗಡಿಯಲ್ಲಿ ಸಿಗುವ, ಪೆನ್‌ಡ್ರೈವ್ ಮತ್ತು ಕಾರ್ಡ್ ಹಾಕಿ ಹಾಡಿಸುವ ಎಫ್‌ಎಂ ಪೆಟ್ಟಿಗೆಗಳನ್ನು ತಾತ್ಸಾರ ಮಾಡುವ ಹಾಗಿಲ್ಲ. ಅವುಗಳಲ್ಲಿ ಎಷ್ಟೋ ಪೆಟ್ಟಿಗೆಗಳಿಗೆ ಹಿಂದಿನ ಮುಚ್ಚಳ ತೆಗೆದರೆ ಬಿಎಲ್-5ಸಿ ಬ್ಯಾಟರಿ ಕಾಣುತ್ತದೆ. ನೋಕಿಯಾ ಫೋನುಗಳಿಗೆಂದು ಬಂದ ಈ ಬ್ಯಾಟರಿ ಆ ಫೋನುಗಳ ಕಾಲ ಮುಗಿದ ಮೇಲೂ ಹಳ್ಳಿಹಳ್ಳಿಯಲ್ಲಿ ಸಿಗುತ್ತಿದೆ. ಉಗುರಿನಿಂದ ಎತ್ತಿ ತೆಗೆದು ಬೇರೆ ಹಾಕಿದರಾಯಿತು. ರಾತ್ರಿ ಕರೆಂಟು ಬಂದಾಗ ಪಂಪ್‌ಸೆಟ್ ಹಾಕಲು ಗದ್ದೆಗೆ ಹೋಗುವ ರೈತನ ಕೈಯಲ್ಲಿ ಈ ಪೆಟ್ಟಿಗೆಯೇ ಇರುತ್ತದೆ. ಕತ್ತಲಲ್ಲೂ ಬೆರಳಿಗೆ ಸಿಗುವ ಗಟ್ಟಿ ಬಟನ್ನುಗಳು, ಜೊತೆಗೊಂದು ಟಾರ್ಚು. ಅದರ ದನಿ ಬಹಳ ನಯವಲ್ಲ, ನಿಜ. ಆದರೆ ಕೆಟ್ಟರೆ ಅಲ್ಲೇ ಸರಿಹೋಗುತ್ತದೆ.

ಬ್ಯಾಟರಿ ಕೊಳ್ಳುವಾಗ ಮಾತ್ರ ತೀರಾ ಅಗ್ಗದ್ದಕ್ಕೆ ಕೈಹಾಕಬೇಡಿ. 2007ರಲ್ಲಿ ನೋಕಿಯಾ ಕಂಪನಿ ಒಂದು ನಿರ್ದಿಷ್ಟ ಅವಧಿಯಲ್ಲಿ ತಯಾರಾದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ಕಾಯಬಹುದೆಂದು ಎಚ್ಚರಿಸಿ, ಬದಲಿಸಿಕೊಡುವುದಾಗಿ ಪ್ರಕಟಿಸಿತ್ತು. ಹೆಸರಾಂತ ಕಂಪನಿಗಾಗಿ ತಯಾರಾದ ಬ್ಯಾಟರಿಯಲ್ಲೇ ಅಂಥ ದೋಷ ನುಸುಳಬಹುದಾದರೆ, ಹೆಸರಿಲ್ಲದವುಗಳ ಮೇಲೆ ಎಚ್ಚರ ಇರಲೇಬೇಕು. ನಮ್ಮಲ್ಲಿ ಇಂಥ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಬ್ಯಾಟರಿಯ ಮೇಲೆ ಐಎಸ್ 16046 ಎಂಬ ಗುರುತೂ ಇಂಗ್ಲಿಷಿನ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇದೆಯೇ ನೋಡಿ. ಉಬ್ಬಿದ ಬ್ಯಾಟರಿಯನ್ನು ಒಂದು ದಿನವೂ ಬಳಸಬಾರದು. ಒತ್ತಿ ಚಪ್ಪಟೆ ಮಾಡಲು ಹೋಗುವುದು, ಚುಚ್ಚುವುದು ಬೆಂಕಿಗೆ ದಾರಿ.

ಬ್ಯಾಟರಿಯ ನಂತರ ನಾನು ನೋಡುವುದು ಚಾರ್ಜಿಂಗ್ ಬಾಯಿಯನ್ನು. ಐಪಾಡಿಗೆ ಬಹಳ ವರ್ಷ 30 ಪಿನ್ನಿನ ಅಗಲ ಕೇಬಲ್ ಇತ್ತು. ಸೋನಿ ವಾಕ್‌ಮನ್‌ನ ಎ ಸರಣಿಗೆ 2019ರವರೆಗೂ ತನ್ನದೇ ಬೇರೆ ಕೇಬಲ್ ಬೇಕಿತ್ತು. ಅಂಥ ಕೇಬಲ್ ಕಳೆದುಹೋದರೆ ಚೆನ್ನಾಗಿರುವ ಪ್ಲೇಯರ್ ಕೂಡ ಮೂಲೆ ಸೇರುತ್ತದೆ. ಈಗ ಕೊಳ್ಳುವುದಾದರೆ ಫೋನಿಗೆ ಬಳಸುವ ಟೈಪ್-ಸಿ ಇರುವುದನ್ನೇ ಕೊಳ್ಳಿ. ಯುರೋಪಿನ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನು, ಇಯರ್‌ಫೋನು ಮುಂತಾದ ಹಲವು ಉಪಕರಣಗಳಿಗೆ ಅದನ್ನೇ ಕಡ್ಡಾಯ ಮಾಡಿದೆ. ಹಾಗಾಗಿ ಮುಂದೆ ವರ್ಷಗಟ್ಟಲೆ ಅದರ ಕೇಬಲ್ಲಿಗೆ ಬರವಿರುವುದಿಲ್ಲ.

ಇನ್ನು ಸಾಫ್ಟ್‌ವೇರಿನ ಮಾತು. ಯಂತ್ರದಲ್ಲಿ ಒಂದು ಭಾಗವೂ ಸವೆಯದೆ ಪ್ಲೇಯರ್ ನಿಂತುಹೋದದ್ದುಂಟು. 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್ ಕಂಪನಿಯ ಝೂನ್ 30 ಎಂಬ ಪ್ಲೇಯರ್‌ಗಳು ಒಂದೇ ದಿನ ಎಲ್ಲೆಡೆ ಸ್ತಬ್ಧವಾದವು. ಅಧಿಕ ವರ್ಷದ 366ನೇ ದಿನವನ್ನು ಎಣಿಸುವ ಕಡೆ ಒಳಗಿನ ಗಡಿಯಾರದ ಪ್ರೋಗ್ರಾಮಿನಲ್ಲಿ ತಪ್ಪಿತ್ತು. ಲೆಕ್ಕ ಮುಗಿಯದೆ ಅದು ಸುತ್ತುತ್ತಲೇ ಉಳಿಯಿತು. ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಟ್ಟು, ಮರುದಿನ ಚಾರ್ಜ್ ಮಾಡಿ ಎಂದು ಕಂಪನಿ ತಿಳಿಸಿತು. ಹಾಡು ನುಡಿಸುವ ಯಂತ್ರಕ್ಕೆ ತಾರೀಖಿನ ಗೊಡವೆ ಎಷ್ಟು ಬೇಕು ಎಂಬ ಪ್ರಶ್ನೆ ಆಗ ಎದ್ದಿತು. ಅದೇ ಪ್ರಶ್ನೆಯನ್ನು ಇವತ್ತು ಇಂಟರ್‌ನೆಟ್ ಸಂಪರ್ಕದ ಬಗ್ಗೆ ಕೇಳಬೇಕು. ಮೊದಲ ಸಲ ಶುರುಮಾಡಲು ಖಾತೆ ತೆರೆಯಿರಿ, ಆ್ಯಪ್ ಹಾಕಿಕೊಳ್ಳಿ ಎನ್ನುವ ಪ್ಲೇಯರ್ ಆ ಆ್ಯಪ್ ಇರುವ ತನಕ ಮಾತ್ರ ನಿಮ್ಮದು. ಕಂಪ್ಯೂಟರಿಗೆ ಸಿಕ್ಕಿಸಿದರೆ ಪೆನ್‌ಡ್ರೈವ್ ತರಹ ಕಾಣಿಸಿ, ಹಾಡುಗಳನ್ನು ಸುಮ್ಮನೆ ನಕಲು ಮಾಡಿಕೊಳ್ಳಲು ಬಿಡುವಂಥದ್ದು ಎಲ್ಲಕ್ಕಿಂತ ನಂಬಿಕಸ್ತ.

ಅಷ್ಟೆಲ್ಲ ಯಾಕೆ, ಫೋನಿನಲ್ಲೇ ಕೇಳಬಹುದಲ್ಲ ಎಂದು ಹಲವರು ಕೇಳುತ್ತಾರೆ. ಕೇಳಬಹುದು. ಆದರೆ ಫೋನಿನ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟ ಹಾಡು ನಮ್ಮ ಸ್ವಂತದ್ದಲ್ಲ. ಚಂದಾ ನಿಲ್ಲಿಸಿದರೆ ಹೋಗುತ್ತದೆ, ಕಂಪನಿ ಮುಚ್ಚಿದರೂ ಹೋಗುತ್ತದೆ. ನಮ್ಮ ದೇಶದಲ್ಲಿ ಕೋಟ್ಯಂತರ ಜನ ಬಳಸುತ್ತಿದ್ದ ವಿಂಕ್ ಮ್ಯೂಸಿಕ್ ಸೇವೆಯನ್ನು ಮುಚ್ಚುವುದಾಗಿ ಏರ್‌ಟೆಲ್ 2024ರಲ್ಲಿ ಪ್ರಕಟಿಸಿತು. ಅದರಲ್ಲಿ ವರ್ಷಗಟ್ಟಲೆ ಜೋಡಿಸಿಟ್ಟುಕೊಂಡ ಪಟ್ಟಿಗಳು ಅಲ್ಲಿಗೆ ಮುಗಿದವು. ಮೇಲಾಗಿ ಭೈರವಿಯೊಂದು ಏರುತ್ತಿರುವ ಹೊತ್ತಿಗೆ ಫೋನು ರಿಂಗಾಗುವುದನ್ನು ನಾನಂತೂ ಸಹಿಸಲಾರೆ. ಮನೆಯಲ್ಲಿ ಹಳೆಯ ಸ್ಮಾರ್ಟ್‌ಫೋನ್ ಬಿದ್ದಿದ್ದರೆ ಅದರ ಮಾತು ಬೇರೆ. ಸಿಮ್ ತೆಗೆದು, ಏರೋಪ್ಲೇನ್ ಮೋಡಿಗೆ ಹಾಕಿ, ಕಾರ್ಡಿನಲ್ಲಿ ಹಾಡು ತುಂಬಿದರೆ ಅದೇ ಒಳ್ಳೆಯ ಪ್ಲೇಯರ್. ಬ್ಯಾಟರಿ ಹೋಗಿದ್ದರೆ ಹೊಸದು ಹಾಕಿಸಿ. ಖರ್ಚು ಹೊಸ ಪ್ಲೇಯರಿಗಿಂತ ಕಡಿಮೆ.

ಹಳೆಯ ಫೋನಿಗೆ ಇನ್ನೊಂದು ಗುಣವಿದೆ, ಅದು ಕನ್ನಡಿಗರಿಗೆ ಮುಖ್ಯ. ಅದು ಕನ್ನಡ ಓದುತ್ತದೆ. ಚಿಕ್ಕ ಪ್ಲೇಯರ್‌ಗಳು ಬಹುತೇಕ ಓದುವುದಿಲ್ಲ. ನಮ್ಮ ಲಿಪಿಯಲ್ಲಿ ಒತ್ತಕ್ಷರ, ಕಾಗುಣಿತ ಸೇರಿ ಒಂದು ಅಕ್ಷರದ ರೂಪವೇ ಬದಲಾಗುತ್ತದೆ. ಯಾವ ಅಕ್ಷರದ ಕೆಳಗೆ ಯಾವ ಒತ್ತು ಕೂರಬೇಕೆಂದು ಜೋಡಿಸುವ ಪ್ರೋಗ್ರಾಮು ಅಗ್ಗದ ಪ್ಲೇಯರುಗಳಲ್ಲಿ ಇರುವುದೇ ಇಲ್ಲ. ‘ಕೃಷ್ಣ ನೀ ಬೇಗನೆ’ ಎಂದು ಕನ್ನಡದಲ್ಲಿ ಹೆಸರಿಟ್ಟ ಫೈಲು ಅಲ್ಲಿ ಬರೀ ಚೌಕಗಳಾಗಿ, ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಕೊಡಿಸುವಾಗ ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬೇಕು. ಕನ್ನಡ ಹೆಸರಿನ ಎರಡು ಫೈಲು ಒಂದು ಕಾರ್ಡಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ ಎನ್ನಿ. ತೋರಿಸದಿದ್ದರೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಾಗುತ್ತದೆ, ಇಲ್ಲವೇ ಅಂಕಿಗಳನ್ನು ಹಾಕಿ, ಯಾವ ಅಂಕಿಗೆ ಯಾವ ಹಾಡು ಎಂದು ದೊಡ್ಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದುಕೊಡಬೇಕಾಗುತ್ತದೆ. ಹಾಳೆ ಬರೆದುಕೊಡುವುದೇ ಎಷ್ಟೋ ಮನೆಗಳಲ್ಲಿ ಚೆನ್ನಾಗಿ ನಡೆಯುತ್ತದೆ.

ಅಂಕಿಯ ಮಾತು ಬಂದಾಗ ಇನ್ನೊಂದು ಸಂಗತಿ. ತಾಳಮದ್ದಳೆ, ಹರಿಕಥೆ, ನಾಟಕ ಕೇಳುವವರು ಒಂದು ದೂರು ಹೇಳುತ್ತಾರೆ: ಮೊದಲ ಭಾಗ ಮುಗಿದೊಡನೆ ಮೂರನೆಯದು ಬರುತ್ತದೆ, ಎರಡನೆಯದು ಎಲ್ಲೋ ಕೊನೆಗೆ ಬರುತ್ತದೆ. ಇದು ಯಂತ್ರದ ದೋಷವಲ್ಲ. ಅಗ್ಗದ ಪ್ಲೇಯರ್‌ಗಳು ಫೈಲುಗಳನ್ನು ಹೆಸರಿನ ಕ್ರಮದಲ್ಲಿ ಜೋಡಿಸದೆ, ಕಾರ್ಡಿಗೆ ಯಾವುದು ಮೊದಲು ನಕಲಾಯಿತೋ ಅದೇ ಕ್ರಮದಲ್ಲಿ ಹಾಡಿಸುತ್ತವೆ. ಖಾಲಿ ಕಾರ್ಡಿಗೆ ಒಂದೊಂದಾಗಿ ಕ್ರಮವಾಗಿ ಹಾಕಿದರೆ ಸರಿಹೋಗುತ್ತದೆ. ಮೊಬೈಲ್ ಅಂಗಡಿಯಲ್ಲಿ ಹಾಡು ಹಾಕಿಸಿಕೊಳ್ಳುವವರು ಈ ಮಾತನ್ನು ಅಂಗಡಿಯವರಿಗೂ ಹೇಳಿ. ಇಂಥ ಕೇಳುಗರಿಗೆ ಬೇಕಾದ ಇನ್ನೊಂದು ಸೌಲಭ್ಯ, ನಿಲ್ಲಿಸಿದಲ್ಲಿಂದಲೇ ಮತ್ತೆ ಶುರುವಾಗುವುದು. ಎರಡು ಗಂಟೆಯ ಪ್ರಸಂಗವನ್ನು ಅರ್ಧಕ್ಕೆ ಆರಿಸಿ ಮತ್ತೆ ಹಾಕಿದಾಗ ಗಣಪತಿ ಸ್ತುತಿಯಿಂದಲೇ ಶುರುವಾದರೆ ಆ ಪ್ಲೇಯರ್ ಇವರಿಗಲ್ಲ. ಹಿಂದೂಸ್ತಾನಿ ಕೇಳುವವರು ಮತ್ತೊಂದನ್ನು ನೋಡಬೇಕು. ಮಲ್ಲಿಕಾರ್ಜುನ ಮನಸೂರರ ಗಾಯನ ವಿಲಂಬಿತದಿಂದ ದ್ರುತಕ್ಕೆ ಉಸಿರು ಬಿಡದೆ ಹರಿಯುತ್ತದೆ. ಸಿಡಿಯಲ್ಲಿ ಅದನ್ನು ಎರಡು ತುಂಡಾಗಿ ಇಟ್ಟಿದ್ದರೆ, ಕೆಲವು ಪ್ಲೇಯರ್ ಆ ತುಂಡುಗಳ ನಡುವೆ ಕ್ಷಣಕಾಲ ಮೌನ ಸೇರಿಸುತ್ತವೆ. ಸಿನಿಮಾ ಹಾಡಿಗೆ ಅದು ಗೊತ್ತಾಗುವುದಿಲ್ಲ; ರಾಗಕ್ಕೆ ಪೆಟ್ಟು ಬೀಳುತ್ತದೆ.

ಈಗ ಮೆಮೊರಿ ಕಾರ್ಡ್. ಹೊಸ ಪ್ಲೇಯರ್ ಕೆಟ್ಟದ್ದೆಂದು ಹಿಂದಿರುಗಿಸುವವರಲ್ಲಿ ಅನೇಕರಿಗೆ ಮೋಸ ಮಾಡಿದ್ದು ಕಾರ್ಡು. ಒಳಗೆ 8 ಜಿಬಿ ಮಾತ್ರ ಇಟ್ಟು, 64 ಅಥವಾ 128 ಎಂದು ತೋರಿಸುವ ಹಾಗೆ ತಿದ್ದಿದ ನಕಲಿ ಕಾರ್ಡುಗಳು ಬೇಕಾದಷ್ಟಿವೆ. 8 ಜಿಬಿ ತುಂಬುವವರೆಗೆ ಎಲ್ಲ ಸರಿಯಾಗಿರುತ್ತದೆ, ಆಮೇಲೆ ಹಾಕಿದ ಹಾಡುಗಳು ಮಾಯವಾಗುತ್ತವೆ ಇಲ್ಲವೇ ಹಳೆಯ ಹಾಡುಗಳನ್ನು ಅಳಿಸಿಹಾಕುತ್ತವೆ. ಹೊಸ ಕಾರ್ಡನ್ನು ಪೂರ್ತಿ ತುಂಬಿ, ಕಂಪ್ಯೂಟರಿನಿಂದ ತೆಗೆದು ಮತ್ತೆ ಹಾಕಿ, ಕೊನೆಯಲ್ಲಿ ಹಾಕಿದ ಹಾಡುಗಳನ್ನು ನುಡಿಸಿ ನೋಡುವುದೇ ಸುಲಭದ ಪರೀಕ್ಷೆ. ಅಂದಹಾಗೆ 32 ಜಿಬಿಗಿಂತ ದೊಡ್ಡ ಕಾರ್ಡುಗಳ ಒಳವಿನ್ಯಾಸ ಬೇರೆ. ಹಳೆಯ ಪ್ಲೇಯರ್‌ಗಳು ಸಾಮಾನ್ಯವಾಗಿ ಅದನ್ನು ಓದಲಾರವು. ಹಳೆಯದಕ್ಕೆ 32 ಜಿಬಿ ಕಾರ್ಡೇ ಸಾಕು. 320 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಹಾಡು ನಿಮಿಷಕ್ಕೆ 2.4 ಎಂಬಿ ತೆಗೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ 32 ಜಿಬಿಗೆ ಇನ್ನೂರು ಗಂಟೆಗೂ ಮೀರಿದ ಸಂಗೀತ ಹಿಡಿಯುತ್ತದೆ.

ಇಲ್ಲೇ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಕಾರ್ಡಿನಲ್ಲಿರುವುದೆಲ್ಲ ಮತ್ತೆ ಕೊಂಡು ತರಬಹುದಾದ ಹಾಡಲ್ಲ. ಅಜ್ಜಿ ಹಾಡಿದ ಸೋಬಾನೆ ಪದ, ಊರಿನ ಭಜನೆ ಮೇಳ, ಈಗಿಲ್ಲದ ಮಾವನವರು ಮಾಡಿದ ಗಮಕ ವಾಚನ, ಇವೂ ಅದರಲ್ಲೇ ಇರುತ್ತವೆ. ಪ್ಲೇಯರ್ ಕೆಟ್ಟದ್ದಕ್ಕಿಂತ ಅದರೊಳಗಿದ್ದ ದನಿ ಹೋದದ್ದಕ್ಕೆ ಅತ್ತವರನ್ನು ಬಲ್ಲೆ. ಕಾರ್ಡ್ ಹಾಕುವ ಜಾಗ ಇರುವ ಪ್ಲೇಯರನ್ನೇ ಕೊಳ್ಳಿ ಎಂದು ನಾನು ಹೇಳುವುದಕ್ಕೆ ಇದೇ ದೊಡ್ಡ ಕಾರಣ. ಯಂತ್ರ ಸತ್ತರೂ ಕಾರ್ಡ್ ಕೈಗೆ ಬರುತ್ತದೆ. ಒಳಗೇ ಬೆಸೆದ ಮೆಮೊರಿಯಾದರೆ ಯಂತ್ರದ ಜೊತೆ ಅದೂ ಹೋಗುತ್ತದೆ. ಕಾರ್ಡಿನ ಮೇಲೂ ಪೂರ್ತಿ ಭರವಸೆ ಬೇಡ. ಅಂಥ ಧ್ವನಿಮುದ್ರಣಗಳನ್ನು ಕಂಪ್ಯೂಟರಿನಲ್ಲಿ ಒಂದು ಪ್ರತಿ, ಬೇರೆ ಮನೆಯಲ್ಲಿರುವ ಮಗಳ ಹತ್ತಿರವೋ ತಮ್ಮನ ಹತ್ತಿರವೋ ಒಂದು ಪ್ರತಿ ಇಡಿ. ಹೊಸ ಪ್ಲೇಯರ್ ತರುವ ಮೊದಲೇ ಈ ಕೆಲಸ ಆಗಲಿ.

ಹಿರಿಯರಿಗೆ ಕೊಡಲು ಸರಿಗಮ ಕಂಪನಿಯ ಕಾರವಾನ್ ಪೆಟ್ಟಿಗೆಯನ್ನು ಅನೇಕರು ಕೊಳ್ಳುತ್ತಾರೆ. 2017ರಲ್ಲಿ ಬಂದ ಇದು ಐದು ಸಾವಿರ ಹಾಡು ತುಂಬಿಕೊಂಡೇ ಬರುತ್ತದೆ. ಕನ್ನಡ ಹಾಡುಗಳದ್ದೂ ಇದೆ. ಗುಂಡಿ ತಿರುಗಿಸಿದರೆ ಹಾಡು ಬರುತ್ತದೆ, ಏನೂ ಕಲಿಯಬೇಕಾಗಿಲ್ಲ. ಅದು ಅದರ ದೊಡ್ಡ ಗುಣ. ತುಂಬಿಸಿರುವ ಹಾಡುಗಳನ್ನು ಬದಲಿಸಲು ಬರುವುದಿಲ್ಲ ಎಂಬುದನ್ನು ತಿಳಿದಿರಿ. ಪೆನ್‌ಡ್ರೈವ್ ಹಾಕಿ ನಮ್ಮ ಹಾಡು ಕೇಳಬಹುದು.

ದನಿಯ ಗುಣಮಟ್ಟದ ಬಗ್ಗೆ ಜಾಹೀರಾತುಗಳು ಹೇಳುವ ದೊಡ್ಡ ಸಂಖ್ಯೆಗಳಿಗೆ ಬಹಳ ತಲೆ ಕೆಡಿಸಿಕೊಳ್ಳಬೇಡಿ. ಸಿಡಿಯ ಧ್ವನಿ ಸೆಕೆಂಡಿಗೆ 44,100 ಮಾದರಿಗಳದ್ದು. ಮನುಷ್ಯನ ಕಿವಿ ಕೇಳಬಲ್ಲ 20,000 ಹರ್ಟ್ಸ್‌ವರೆಗಿನ ಎಲ್ಲ ಸ್ವರಕ್ಕೂ ಅಷ್ಟು ಸಾಕು, ವಯಸ್ಸಾದಂತೆ ಆ ಮಿತಿ ಇನ್ನೂ ಇಳಿಯುತ್ತದೆ. 192 ಕಿಲೋಹರ್ಟ್ಸ್ ಎಂದು ಬರೆದ ಪ್ಲೇಯರಿಗೆ ಸುರಿಯುವ ಹಣದಲ್ಲಿ ಒಂದು ಭಾಗವನ್ನು ಒಳ್ಳೆಯ ಇಯರ್‌ಫೋನಿಗೆ ಹಾಕಿದರೆ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ಫಿಯೋ, ಹೈಬಿ ಮುಂತಾದ ಚೀನಾದ ಕಂಪನಿಗಳು ಈಗ ಒಳ್ಳೆಯ ಪ್ಲೇಯರ್ ಮಾಡುತ್ತಿವೆ. ಅವುಗಳಲ್ಲೂ ಸಂಖ್ಯೆಗಿಂತ ಕಾರ್ಡ್ ಜಾಗ, ಬಟನ್ನು, ಬ್ಯಾಟರಿಯ ಗಂಟೆ ನೋಡಿಯೇ ಆರಿಸಬೇಕು. ದನಿ ಎಷ್ಟು ಜೋರಾಗಿರಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 40 ಗಂಟೆಯಂತೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಮಿತಿ ಹೇಳಿದೆ. ವಾಲ್ಯೂಮಿಗೆ ಮಿತಿ ಹಾಕಿಡಲು ಬರುವ ಪ್ಲೇಯರ್ ಮಕ್ಕಳಿರುವ ಮನೆಗೆ ಒಳ್ಳೆಯದು.

ರೇಡಿಯೊ ಕೇಳುವ ನಮ್ಮಂಥವರಿಗೆ ಎಫ್‌ಎಂ ಬೇಕೇ ಬೇಕು. ಬೆಂಗಳೂರಿನಲ್ಲಿ 100.1ರಲ್ಲಿ ಬರುವ ಆಕಾಶವಾಣಿಯ ಸಂಗೀತ ವಾಹಿನಿ ಅಮೃತವರ್ಷಿಣಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವುದು ದೊಡ್ಡ ಸುಖ. ಆದರೆ ಚಿಕ್ಕ ಪ್ಲೇಯರ್‌ಗಳಿಗೆ ಇಯರ್‌ಫೋನಿನ ತಂತಿಯೇ ಆಂಟೆನಾ. ತಂತಿಯಿಲ್ಲದ ಇಯರ್‌ಫೋನ್ ಮಾತ್ರ ಇಟ್ಟುಕೊಂಡವರಿಗೆ ಎಫ್‌ಎಂ ಕೇಳಿಸುವುದಿಲ್ಲ. ಜಾಕೇ ಇಲ್ಲದ ಪ್ಲೇಯರನ್ನು ಎಫ್‌ಎಂ ಇದೆಯೆಂದು ಕೊಳ್ಳುವ ಮುಂಚೆ ಅದಕ್ಕೆ ಬೇರೆ ಆಂಟೆನಾ ಇದೆಯೇ ಕೇಳಿ.

ಅಂಗಡಿಗೆ ಹೋಗುವಾಗ ನಿಮ್ಮ ಇಯರ್‌ಫೋನ್, ನಿಮ್ಮ ಹಾಡು ತುಂಬಿದ ಕಾರ್ಡು ಜೊತೆಗಿರಲಿ. ಬೆಂಗಳೂರಿನ ಎಸ್.ಪಿ. ರೋಡಿನ ಗದ್ದಲದಲ್ಲಿ ಎಲ್ಲ ಪ್ಲೇಯರೂ ಚೆನ್ನಾಗಿಯೇ ಕೇಳಿಸುತ್ತವೆ, ಆದ್ದರಿಂದ ಅಂಗಡಿಯ ಒಳಗೆ ಹೋಗಿ ಕೇಳಿ. ವಾಲ್ಯೂಮನ್ನು ಒಂದಕ್ಕೆ ಇಳಿಸಿ. ಮಲಗುವಾಗ ಕೇಳುವವರಿಗೆ ಆ ಒಂದೇ ಜೋರಾಗಿದ್ದರೆ ಕಷ್ಟ. ಹಾಡು ನಿಂತಾಗ ಹಿಂದೆ ಸುಯ್ ಎನ್ನುತ್ತದೆಯೇ ಗಮನಿಸಿ. ಪಿನ್ನು ಹಾಕಿ ಮೆಲ್ಲಗೆ ತಿರುಗಿಸಿ, ದನಿ ತಡವರಿಸಬಾರದು. ಜೇಬಿನೊಳಗೆ ಕೈಯಿಟ್ಟು, ನೋಡದೆ, ಮುಂದಿನ ಹಾಡಿಗೆ ಹೋಗಲು ಆಗುತ್ತದೆಯೇ ಪ್ರಯತ್ನಿಸಿ. ಕಣ್ಣು ಕಾಣದ ಕೇಳುಗರಿಗಂತೂ ಉಬ್ಬಿದ ಬಟನ್ನುಗಳಿಲ್ಲದ ಪ್ಲೇಯರ್ ಇದ್ದೂ ಇಲ್ಲದಂತೆ. ಕಾರ್ಡ್ ತುಂಬ ಹಾಡಿರುವಾಗ ಶುರುವಾಗಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಬಟನ್ನುಗಳಿಗೆ ಬೀಗ ಹಾಕುವ ಸ್ವಿಚ್ಚು ಇದ್ದರೆ ಜೇಬಿನಲ್ಲಿ ತಾನಾಗಿ ಒತ್ತಿಕೊಳ್ಳುವುದಿಲ್ಲ.

ಎಲ್ಲಿ ಬಳಸುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದ ತೇವಕ್ಕೆ ಜಾಕು, ಚಾರ್ಜಿಂಗ್ ಬಾಯಿ ಕಿಲುಬು ಹಿಡಿಯುತ್ತವೆ. ಅಲ್ಲಿಯವರು ರಬ್ಬರ್ ಮುಚ್ಚಳವಿರುವುದನ್ನು ನೋಡಿ ಕೊಂಡು, ಬಳಸದಿದ್ದಾಗ ತೇವ ಹೀರುವ ಪುಟ್ಟ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಡಲಿ. ಕಲಬುರಗಿ, ರಾಯಚೂರಿನ ಬಿಸಿಲು ಬ್ಯಾಟರಿಯ ಶತ್ರು. ಅಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಪ್ಲೇಯರ್ ಬಿಡುವುದು ಬೇಡ. ಬಹಳ ದಿನ ಬಳಸದೆ ಇಡುವುದಾದರೆ ಪೂರ್ತಿ ತುಂಬಿಯೂ ಬೇಡ, ಖಾಲಿಮಾಡಿಯೂ ಬೇಡ. ಅರ್ಧದಷ್ಟು ಚಾರ್ಜ್ ಇರುವಾಗ ಆರಿಸಿ ತಂಪು ಜಾಗದಲ್ಲಿಡಿ.

ಐಪಾಡ್ ಕ್ಲಾಸಿಕ್ ಇಟ್ಟುಕೊಂಡಿರುವವರಿಗೆ ಒಂದು ಸಂತೋಷದ ಮಾತು ಹೇಳಬೇಕು. ಆ್ಯಪಲ್ 2014ರಲ್ಲೇ ಅದನ್ನು ನಿಲ್ಲಿಸಿತು, 2022ರಲ್ಲಿ ಕೊನೆಯ ಐಪಾಡಿಗೂ ವಿದಾಯ ಹೇಳಿತು. ಆದರೂ ಕ್ಲಾಸಿಕ್ಕಿನೊಳಗಿನ ಕೆಟ್ಟ ಡಿಸ್ಕನ್ನು ತೆಗೆದು, ಅದೇ ಜಾಗಕ್ಕೆ ಮೆಮೊರಿ ಕಾರ್ಡ್ ಕೂರುವ ಚಿಕ್ಕ ಬೋರ್ಡೊಂದನ್ನು ಹಾಕಿ, ಹೊಸ ಬ್ಯಾಟರಿ ಸೇರಿಸಿ ಬದುಕಿಸುವವರಿದ್ದಾರೆ. ತಿರುಗುವ ಡಿಸ್ಕು ಹೋದಮೇಲೆ ಅದು ಮೊದಲಿಗಿಂತ ಹಗುರ, ಬಿದ್ದರೂ ಸುಲಭಕ್ಕೆ ಕೆಡುವುದಿಲ್ಲ, ಚಾರ್ಜೂ ಹೆಚ್ಚು ಹೊತ್ತು ನಿಲ್ಲುತ್ತದೆ. ಬಿಚ್ಚುವುದು ಸುಲಭವಲ್ಲ, ಅನುಭವವಿರುವವರ ಕೈಗೇ ಕೊಡಿ. ಅದೇ ರೀತಿ ರಾಕ್‌ಬಾಕ್ಸ್ ಎಂಬ ಉಚಿತ ಸಾಫ್ಟ್‌ವೇರನ್ನು ಆಸಕ್ತರೇ ಸೇರಿ ಬೆಳೆಸಿದ್ದಾರೆ. ಕಂಪನಿಗಳು ಕೈಬಿಟ್ಟ ಎಷ್ಟೋ ಹಳೆಯ ಪ್ಲೇಯರ್‌ಗಳು, ಸ್ಯಾನ್‌ಡಿಸ್ಕಿನ ಪುಟ್ಟ ಕ್ಲಿಪ್ ಕೂಡ, ಅದರಿಂದ ಇವತ್ತಿಗೂ ಚೆನ್ನಾಗಿ ಹಾಡುತ್ತಿವೆ.

ಕೊಂಡ ಮೇಲೆ ಬಿಲ್ಲು ಕೇಳಿ ಪಡೆಯಿರಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಎಷ್ಟೋ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಮೊದಲ ವಾರದಲ್ಲೇ ಎಲ್ಲ ಬಟನ್ನು, ಎಫ್‌ಎಂ, ಬ್ಲೂಟೂತ್, ಕಾರ್ಡು ಬಳಸಿ ನೋಡಿ, ಬದಲಿಸಿಕೊಳ್ಳುವ ಅವಧಿ ಮುಗಿಯುವವರೆಗೆ ಪೆಟ್ಟಿಗೆ ಬಿಸಾಡಬೇಡಿ. ದೋಷವಿದ್ದೂ ಅಂಗಡಿಯವರು ಕೈತೊಳೆದುಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಹಳೆಯ ಪ್ಲೇಯರನ್ನು ಕಸದ ಬುಟ್ಟಿಗೆ ಹಾಕಬೇಡಿ, ಅದರ ಬ್ಯಾಟರಿ ಕಸದ ರಾಶಿಯಲ್ಲಿ ಹೊತ್ತಿಕೊಳ್ಳಬಹುದು. ಇ-ತ್ಯಾಜ್ಯ ಪಡೆಯುವವರಿಗೇ ಕೊಡಿ. ಕೊಡುವ ಮುಂಚೆ ಕಾರ್ಡ್ ತೆಗೆದುಕೊಂಡಿರಾ ನೋಡಿಕೊಳ್ಳಿ.